ಬಿಂದುಮಾಧವರಾಯರು ಕಂಡ ಕುಲು ಕಣಿವೆ

ಧಾರವಾಡದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಬಿಂದುಮಾಧವರಾಯರು ಹಿಮಾಲಯದ ಕುಲು ಕಣಿವೆಯ ಸಂಸ್ಕೃತಿ ಮತ್ತು ನಿಸರ್ಗದ ಮೇಲೆ ಒಂಬತ್ತು ವರ್ಷಗಳಲ್ಲಿ ಮೂವತ್ತೇಳು ಸಲ ಭಾಷಣ ಮಾಡಿದ್ದರು. ಉತ್ತರ ದಿಕ್ಕಿನಲ್ಲಿ ಅವರು ಅತಿ ದೂರ ಹೋದದ್ದೆಂದರೆ ಪುಣೆಗೆ, ಅದೂ ಉತ್ತರಪತ್ರಿಕೆ ತಿದ್ದಲು. ಈ ಎರಡೂ ಸಂಗತಿಗಳನ್ನು ಬಲ್ಲವರು ಇಡೀ ಊರಿನಲ್ಲಿ ಒಬ್ಬರೇ, ಅವರ ಹೆಂಡತಿ ಸುಂದ್ರಾಬಾಯಿ. ಆಕೆ ಭಾಷಣಕ್ಕೆ ಹೋಗುತ್ತಿರಲಿಲ್ಲ.

ರಾಯರು ಹುಟ್ಟಾ ಸುಳ್ಳುಗಾರರಲ್ಲ. ಅವರನ್ನು ಕೆಡಿಸಿದ್ದು ವ್ಯಾಕರಣ. ಮೊದಲ ವರ್ಷ ಅವರು ಪುಸ್ತಕದಲ್ಲಿ ಓದಿದ್ದನ್ನು ಓದಿದ ಹಾಗೆಯೇ ಹೇಳಿದರು: ಕುಲುವಿನ ದೇವದಾರು ಮರಗಳು ಮುಗಿಲು ಮುಟ್ಟುತ್ತವಂತೆ. ಸಭೆ ಆಕಳಿಸಿತು. ಎರಡನೆಯ ವರ್ಷ ಆ ‘ಅಂತೆ’ಯನ್ನು ಬಿಟ್ಟರು. ಮೂರನೆಯ ವರ್ಷ ಮರಗಳು ‘ಕಾಣುತ್ತವೆ’ ಎಂದರು. ಐದನೆಯ ವರ್ಷ ಸಪ್ತಾಪುರದ ತರುಣರ ಸಂಘದಲ್ಲಿ ಚಪ್ಪಾಳೆ ಜೋರಾಗಿ ಬಿದ್ದಾಗ ಬಾಯಿ ಜಾರಿ ‘ಕಂಡೆ’ ಎಂದುಬಿಟ್ಟರು. ಯಾರೂ ತಕರಾರು ಮಾಡಲಿಲ್ಲ. ಏಳನೆಯ ವರ್ಷದ ಹೊತ್ತಿಗೆ ಅವರು ಬಿಯಾಸ್ ನದಿಯಲ್ಲಿ ಸ್ನಾನ ಮಾಡಿ, ಸಂಧ್ಯಾವಂದನೆಯನ್ನೂ ಮುಗಿಸಿದ್ದರು. ಒಂಬತ್ತನೆಯ ವರ್ಷ ಅದೇ ನದಿಯ ದಂಡೆಯ ಮೇಲೆ ಋಷಿಯಂಥ ಒಬ್ಬ ಮುದಿ ಕುರುಬ ಅವರಿಗೆ ದೊನ್ನೆಯಲ್ಲಿ ಜೇನು ಕೊಟ್ಟು, ‘ಮತ್ತೆ ಬಾ ಮಗನೆ’ ಎಂದು ಅತ್ತ. ಅವನ ನೆನಪಾದಾಗ ವೇದಿಕೆಯ ಮೇಲೆ ರಾಯರ ಕಣ್ಣಲ್ಲೂ ನೀರು ಬರುತ್ತಿತ್ತು. ಇಡೀ ಭಾಷಣದಲ್ಲಿ ಸ್ವಂತದ್ದೆಂದು ಹೇಳಬಹುದಾಗಿದ್ದದ್ದು ಆ ನೀರೊಂದೇ.

ಮೂವತ್ತೇಳನೆಯ ಭಾಷಣ ನಡೆದದ್ದು 1959ರ ಡಿಸೆಂಬರಿನಲ್ಲಿ, ಹುಬ್ಬಳ್ಳಿಯ ವರ್ತಕರ ಒಂದು ಸಂಘದಲ್ಲಿ. ಸಂಘದ ಅಧ್ಯಕ್ಷರು ಅರಳೆ ವ್ಯಾಪಾರಿ ಬಸಣ್ಣನವರು. ಅವರು ಅಧ್ಯಕ್ಷರಾಗಿದ್ದ ಎಲ್ಲ ಸಭೆಗಳಲ್ಲೂ ಮಾಡುವಂತೆ ಅಂದೂ ಸ್ವಾಗತದ ಹಾಡು ಮುಗಿಯುತ್ತಲೇ ನಿದ್ದೆಹೋಗಿ, ವಂದನಾರ್ಪಣೆಗೆ ಸರಿಯಾಗಿ ಎದ್ದರು. ಆದರೆ ಹೆಣ್ಣುಮಕ್ಕಳ ಸಾಲಿನಲ್ಲಿ ಅವರ ಅಕ್ಕ ಮುರಿಗೆವ್ವ ಕೂತಿದ್ದಳು. ಐವತ್ತೆಂಟು ವರ್ಷದ ಹೆಂಗಸು. ಗಂಡ ತೀರಿಕೊಂಡ ಮೇಲೆ ದುರ್ಗದಬೈಲಿನ ತಮ್ಮನ ಮನೆಗೆ ಬಂದು ನಿಂತವಳು, ಈಗ ಆ ಮನೆಯಲ್ಲಿ ತಮ್ಮನೇ ಆಕೆಯನ್ನು ಕೇಳಿ ಕೂರುವಂತಾಗಿತ್ತು. ಮುರಿಗೆವ್ವ ನಿದ್ದೆ ಮಾಡಲಿಲ್ಲ. ಕುರುಬ ಅತ್ತಾಗ ಅವಳು ಅಳಲೂ ಇಲ್ಲ. ಸಭೆ ಮುಗಿದ ಮೇಲೆ ವೇದಿಕೆಯ ಹತ್ತಿರ ಬಂದು ರಾಯರಿಗೆ ಕೈಮುಗಿದು ಮೂರು ಪ್ರಶ್ನೆ ಕೇಳಿದಳು. ಆ ಮಂದಿ ರೊಟ್ಟಿ ಯಾವ ಕಾಳಿನದು ಮಾಡುತ್ತಾರೆ? ಅಷ್ಟು ಚಳಿಯಲ್ಲಿ ಹಸುಗೂಸಿಗೆ ನೀರು ಎರೆಯುವುದು ಹೇಗೆ? ಉಣ್ಣೆ ನೂಲುವವರು ಗಂಡಸರೋ ಹೆಂಗಸರೋ?

ರಾಯರು ಓದಿದ ಪುಸ್ತಕದಲ್ಲಿ ಈ ಮೂರೂ ಇರಲಿಲ್ಲ. ಕಣಿವೆಯ ಆತ್ಮ ಇಂಥ ಸಣ್ಣ ಸಂಗತಿಗಳಲ್ಲಿ ಇಲ್ಲ, ಅದನ್ನು ಅಲ್ಲಿಗೆ ಹೋಗಿಯೇ ಅನುಭವಿಸಬೇಕು ಎಂದು ಅವರು ಕಣ್ಣು ಅರೆಮುಚ್ಚಿ ಹೇಳಿದರು. ಇಂಥ ಮಾತು ಸಾಮಾನ್ಯವಾಗಿ ಜನರನ್ನು ಸುಮ್ಮನಾಗಿಸುತ್ತಿತ್ತು.

“ಹಂಗಾರ ಹೋಗೂಣ್ರಿ ಮಾಸ್ತರ,” ಎಂದಳು ಮುರಿಗೆವ್ವ. “ನೀವು ದಾರಿ ತೋರಸ್ರಿ.”

ರಾಯರು ನಕ್ಕು ಧಾರವಾಡಕ್ಕೆ ಮರಳಿದರು. ಮುಂದಿನ ಐದು ತಿಂಗಳು ಅವರು ಹೂಡಿದ ನೆಪಗಳನ್ನು ಸೇರಿಸಿದರೆ ಮೂವತ್ತೆಂಟನೆಯ ಭಾಷಣವಾಗುತ್ತಿತ್ತು. ಚಳಿ ಎಂದರು, ಬಸಣ್ಣ ಮೂರು ರಗ್ಗು ಕಳಿಸಿದ. ಪರೀಕ್ಷೆ ಎಂದರು, ಪರೀಕ್ಷೆ ಮುಗಿಯಿತು. ಕಾಲೇಜು ರಜೆ ಕೊಡಲಾರದು ಎಂದರು. ಪ್ರಾಚಾರ್ಯರು ಇಂಥ ಸಾಂಸ್ಕೃತಿಕ ಕಾರ್ಯಕ್ಕೆ ರಜೆ ಕೊಡುವುದು ತಮ್ಮ ಭಾಗ್ಯವೆಂದು ಬರೆದುಕೊಟ್ಟರು. ಕೊನೆಗೆ ಬಸಣ್ಣ ತಾನೇ ಧಾರವಾಡದ ಸಪ್ತಾಪುರದಲ್ಲಿದ್ದ ರಾಯರ ಮನೆಗೆ ಬಂದು ಟಿಕೀಟುಗಳನ್ನು ಕೈಯಲ್ಲಿಟ್ಟು ಹೋದ. ಅಂದು ಸುಂದ್ರಾಬಾಯಿ ಗಂಡನ ಟ್ರಂಕು ತುಂಬುತ್ತ ಒಂದೇ ಮಾತು ಹೇಳಿದಳು: “ಹೋಗಿ ಬರ್ರಿ. ಒಂಬತ್ತು ವರ್ಷ ಆತು, ಒಮ್ಮೆ ನೋಡಿ ಬಂದ್ರ ನಿಮಗೂ ಛಲೋ.”

ಹೀಗೆ 1960ರ ಮೇ ತಿಂಗಳಲ್ಲಿ ಮೂವರು ಹುಬ್ಬಳ್ಳಿಯಲ್ಲಿ ರೈಲು ಹತ್ತಿದರು. ಒಂದು ಟ್ರಂಕಿನ ತುಂಬ ಕಟಕು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಹಿಮಾಲಯದಲ್ಲಿ ಊಟ ಸಿಗುವುದೆಂದು ಬಸಣ್ಣ ನಂಬಿರಲಿಲ್ಲ. ರಾಯರು ಹೊಸ ಬೂಟು, ಹೊಸ ಉಣ್ಣೆಯ ಕೋಟು, ಹೊಸ ಮಂಗನಟೊಪ್ಪಿಗೆ ಧರಿಸಿ, ಹುಬ್ಬಳ್ಳಿಯ ಮೇ ತಿಂಗಳ ಬಿಸಿಲಲ್ಲಿ ಪ್ಲಾಟಫಾರ್ಮಿನ ಮೇಲೆ ಬೆವರುತ್ತ ನಿಂತಿದ್ದರು. ಮುರಿಗೆವ್ವ ಅವರನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿ, ರೈಲಿನ ಡಬ್ಬಿಯೊಳಗೆ ಹೋಗಿ ಕೂತಳು.

ಪುಣೆಯವರೆಗೆ ರಾಯರು ನಿಜವಾದ ಮಾರ್ಗದರ್ಶಕರಾಗಿದ್ದರು. ಚಹಾ ಎಲ್ಲಿ ಚಲೋ ಸಿಗುತ್ತದೆಂದೂ ತೋರಿಸಿದರು. ಪುಣೆ ದಾಟಿದ ಮೇಲೆ ಪ್ರಪಂಚ ಬದಲಾಗತೊಡಗಿತು. ಹೋದ ಸಲ ಎಲ್ಲಿ ಇಳಿದುಕೊಂಡಿದ್ದಿರಿ ಎಂದು ದಿಲ್ಲಿಯಲ್ಲಿ ಬಸಣ್ಣ ಕೇಳಿದಾಗ, ಆ ಛತ್ರವನ್ನು ಕೆಡವಿದ್ದಾರೆ ಎಂದರು. ಪಠಾಣಕೋಟದಲ್ಲಿ ಸಣ್ಣ ರೈಲು ಎಲ್ಲಿ ನಿಲ್ಲುತ್ತದೆ ಎಂದಾಗ, ಮೊದಲು ಬೇರೆ ಕಡೆ ನಿಲ್ಲುತ್ತಿತ್ತು ಎಂದರು. ಆ ಆಟಿಕೆಯಂಥ ರೈಲು ಇಳಿದು, ಒಂದು ಕಡೆ ಬಂಡೆ ಇನ್ನೊಂದು ಕಡೆ ಪಾತಾಳ ಇದ್ದ ರಸ್ತೆಯಲ್ಲಿ ಬಸ್ಸು ತಿರುಗಿ ತಿರುಗಿ ಹತ್ತುವಾಗ ಬಸಣ್ಣ ಕಣ್ಣು ಮುಚ್ಚಿಕೊಂಡು, ಕೆಳಗೆ ಸಪ್ಪಳ ಮಾಡುವ ನದಿ ಯಾವುದೆಂದು ಕೇಳಿದ. ನದಿಯೂ ದಿಕ್ಕು ಬದಲಿಸಿದೆ ಎಂದು ರಾಯರು ಹೇಳಿದರು. ಆಗ ಮಾತ್ರ ಮುರಿಗೆವ್ವ, ಗುಡ್ಡಗಳಾದರೂ ಮೊದಲಿನ ಜಾಗದಲ್ಲೇ ಇವೆಯೇ ಎಂದು ಬಹಳ ವಿನಯದಿಂದ ವಿಚಾರಿಸಿದಳು.

ಮನಾಲಿಯ ದಾರಿಯಲ್ಲಿ ನದಿದಂಡೆಯ ಒಂದು ಸಣ್ಣ ಹಳ್ಳಿಯ ಹತ್ತಿರ ಅರಣ್ಯ ಇಲಾಖೆಯ ಬಂಗಲೆಯಲ್ಲಿ ಅವರು ಇಳಿದರು. ಭಾಷಣದ ಪ್ರಕಾರ ಅಲ್ಲಿಯ ಜನ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ಹಳ್ಳಿಯಲ್ಲಿ ಬೀಗವಿಲ್ಲದ ಬಾಗಿಲು ಬಂಗಲೆಯ ಕಕ್ಕಸಿನದು ಒಂದೇ, ಅದರ ಚಿಲಕ ಮುರಿದಿತ್ತು. ಭಾಷಣದಲ್ಲಿ ವರ್ಷವಿಡೀ ತೂಗುತ್ತಿದ್ದ ಸೇಬುಗಳು ಮೇ ತಿಂಗಳಲ್ಲಿ ನೆಲ್ಲಿಕಾಯಿ ಗಾತ್ರದವು, ಹುಳಿ. ಜನ ಜೇನು ಮತ್ತು ಹಣ್ಣಿನ ಮೇಲೆ ಬದುಕದೆ, ಜವೆಗೋದಿಯ ಕರಿ ಹಿಟ್ಟಿನ ರೊಟ್ಟಿ ತಿಂದು, ಬೀಡಿ ಸೇದಿ, ಹೊಲದ ಬದುವಿಗಾಗಿ ಜಗಳವಾಡುತ್ತಿದ್ದರು. ರಾಷ್ಟ್ರಭಾಷಾ ಪರೀಕ್ಷೆಯಲ್ಲಿ ಪ್ರಥಮ ಶ್ರೇಣಿ ಪಡೆದಿದ್ದ ರಾಯರ ಹಿಂದಿಯನ್ನು ಅವರು ಮಂತ್ರವೆಂದು ತಿಳಿದು ತಲೆಬಾಗಿ ಕೇಳಿದರು, ಉತ್ತರ ಕೊಡಲಿಲ್ಲ. ಬಸಣ್ಣನ ಅರಳೆಪೇಟೆಯ ಮುರುಕು ಹಿಂದಿ ಮಾತ್ರ ಎಲ್ಲರಿಗೂ ತಿಳಿಯಿತು. ಎರಡನೆಯ ದಿನವೇ ಅವನು ಹಳ್ಳಿಯ ಕಟ್ಟೆಯ ಮೇಲೆ ಕೂತು, ಉಣ್ಣೆಯ ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಅರಳೆಯ ಹಾಗೆ ಎಳೆದೆಳೆದು ನೋಡಿ, ತಲೆ ಅಲ್ಲಾಡಿಸುತ್ತಿದ್ದ. ಆ ಊರ ದೇವರನ್ನು ಪಲ್ಲಕ್ಕಿಯಲ್ಲಿ ಹೊತ್ತು ತಿರುಗುತ್ತಾರೆ, ದೇವರಿಗೆ ಒಂದು ಪಂಚಾಯತಿ ಇದೆ, ಆ ಪಂಚಾಯತಿಯವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದು ತಿಳಿದಾಗ ತನ್ನ ಸಂಘಕ್ಕೇ ವಾಪಸು ಬಂದಷ್ಟು ಅವನಿಗೆ ಸಂತೋಷವಾಯಿತು.

ಮುರಿಗೆವ್ವನಿಗೆ ಫುಲ್ಮು ಎಂಬ ಹೆಂಗಸು ಸಿಕ್ಕಿದ್ದಳು. ಬಂಗಲೆಗೆ ಹಾಲು ಕೊಡುವವಳು, ಹೆಚ್ಚುಕಡಿಮೆ ಇವಳದೇ ವಯಸ್ಸು. ಫುಲ್ಮು ತನ್ನ ಮಾತಿನಲ್ಲಿ ಮಾತಾಡುತ್ತಿದ್ದಳು, ಮುರಿಗೆವ್ವ ಹುಬ್ಬಳ್ಳಿಯ ಮಾತಿನಲ್ಲಿ. ಒಬ್ಬಳು ಇನ್ನೊಬ್ಬಳ ಇಲಕಲ್ ಸೀರೆಯ ದಡಿ ಮುಟ್ಟಿ ನೋಡಿದಳು. ಇನ್ನೊಬ್ಬಳು ಅವಳು ಮೈಗೆ ಸುತ್ತಿದ್ದ ಪಟ್ಟು ಎಂಬ ಉಣ್ಣೆಯ ಹೊದಿಕೆಯ ಅಂಚಿನ ಎಳೆ ಎಣಿಸಿದಳು. ಬೆಳಿಗ್ಗೆ ಮುರಿಗೆವ್ವ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವಾಗ ಫುಲ್ಮು ಎದುರಿಗೆ ಕುಕ್ಕರುಗಾಲಲ್ಲಿ ಕೂತು ನೋಡಿದಳು. ನಮ್ಮದು ಕೊರಳಲ್ಲಿ ತಿರುಗುತ್ತದೆ, ನಿಮ್ಮದು ಹೆಗಲ ಮೇಲೆ ತಿರುಗುತ್ತದೆ, ಅಷ್ಟೇ ಎಂದು ಮುರಿಗೆವ್ವ ಕೈಸನ್ನೆಯಲ್ಲಿ ವಿವರಿಸಿದಾಗ ಅವಳು ಬಹಳ ಹೊತ್ತು ನಕ್ಕಳು. ಒಂದು ಸಾಲು ಕಲ್ಲು, ಒಂದು ಸಾಲು ಮರ ಇಟ್ಟು ಕಟ್ಟಿದ ತನ್ನ ಮನೆಗೆ ಕರೆದೊಯ್ದಳು. ಕೆಳಗೆ ದನ, ಮೇಲೆ ಮಂದಿ. ದನದ ಮೈಯ ಕಾವು ಹಲಗೆಯ ಸಂದಿನಿಂದ ಏರಿ ಮೇಲಿನವರನ್ನು ಬೆಚ್ಚಗಿಡುತ್ತದೆ. ಹಸುಗೂಸಿಗೆ ನೀರು ಎರೆಯುವುದು ಹೇಗೆ ಎಂಬುದಕ್ಕೆ ಉತ್ತರ ಅಲ್ಲಿ ಸಿಕ್ಕಿತು. ದಿನಾ ಎರೆಯುವುದಿಲ್ಲ, ತುಪ್ಪ ಹಚ್ಚಿ ಒರೆಸುತ್ತಾರೆ.

ಇಷ್ಟೆಲ್ಲ ನಡೆಯುವಾಗ ರಾಯರು ನೆಗಡಿಯಾಗಿ ಮೂರೂ ರಗ್ಗುಗಳ ಕೆಳಗೆ ಮಲಗಿ, ಕಿಟಕಿಯ ಗಾಜಿನಿಂದ ನಿಸರ್ಗವನ್ನು ಅಧ್ಯಯನ ಮಾಡುತ್ತಿದ್ದರು. ಗಾಜಿನ ಮೇಲೆ ಉಸಿರಿನ ಮಂಜು ಕೂತಿತ್ತು.

ಐದನೆಯ ದಿನ ಮುರಿಗೆವ್ವ ಫುಲ್ಮುವಿನ ಜೊತೆ ಬೆಳಿಗ್ಗೆಯೇ ಕಾಡಿನ ಮೇಲಿನ ಹುಲ್ಲುಗಾವಲಿಗೆ ಹೋದಳು. ಫುಲ್ಮುವಿನ ಗಂಡ ಅಲ್ಲಿ ಕುರಿ ಮೇಯಿಸುತ್ತಿದ್ದ. ಮಧ್ಯಾಹ್ನಕ್ಕೆ ಬರುತ್ತೇನೆ ಎಂದಿದ್ದಳು. ಮಧ್ಯಾಹ್ನವಾಯಿತು, ಬರಲಿಲ್ಲ. ಎರಡು ಗಂಟೆಗೆ ಗುಡ್ಡದ ತಲೆ ಕಪ್ಪಾಗಿ ಆಲಿಕಲ್ಲು ಸುರಿಯತೊಡಗಿತು. ಬಂಗಲೆಯ ತಗಡು ಯುದ್ಧಕ್ಕೆ ನಿಂತ ಹಾಗೆ ಬಡಿದುಕೊಂಡಿತು. ಆಲಿಕಲ್ಲು ನಿಂತಿತು, ಆಕೆ ಬರಲಿಲ್ಲ. ಬಂಗಲೆಯ ಚೌಕೀದಾರ ಮನಾಲಿಗೆ ಹೋಗಿದ್ದ. ಹಳ್ಳಿಯ ಗಂಡಸರು ಏನೂ ಆಗುವುದಿಲ್ಲ, ಬರುತ್ತಾರೆ ಎಂದು ಬೀಡಿ ಹಚ್ಚಿದರು. ಬಸಣ್ಣ ಇಪ್ಪತ್ತು ಮಾರು ಏರಿ, ಎದೆ ಹಿಡಿದುಕೊಂಡು, ಇಳಿದು ಬಂದ. ನಡುಮನೆಯಲ್ಲಿ ನಿಂತು, ರಗ್ಗಿನಲ್ಲಿದ್ದ ರಾಯರ ಕಡೆಗೆ ನೋಡಿದ.

“ಪ್ರೊಫೆಸರ್ ಸಾಹೇಬ್ರ, ಅಕ್ಕ ಬರಲಿಲ್ಲ,” ಎಂದ. “ನಿಮಗ ದಾರಿ ಗೊತ್ತದಲ್ರಿ.”

ಒಂಬತ್ತು ವರ್ಷಗಳಲ್ಲಿ ನಿಜ ಹೇಳಲು ರಾಯರಿಗೆ ಇದಕ್ಕಿಂತ ಯೋಗ್ಯ ಸಮಯ ಸಿಕ್ಕಿರಲಿಲ್ಲ. ಅವರು ಬಾಯಿ ತೆರೆದರು. ಆಮೇಲೆ ಬೂಟು ಹಾಕಿಕೊಂಡರು. ಯಾಕೆ ಹಾಗೆ ಮಾಡಿದರೆಂದು ಅವರು ಮುಂದೆ ಎಷ್ಟೋ ಸಲ ಯೋಚಿಸಿದರು. ಮಾನ ಉಳಿಸಿಕೊಳ್ಳಲು ಎಂದು ಮೊದಲು ಅನಿಸಿತು. ಆದರೆ ಕಾಡು ಹೊಕ್ಕ ಮೇಲೆ ಅವರ ತಲೆಯಲ್ಲಿ ಇದ್ದದ್ದು ಒಂದೇ: ಆ ಮುದುಕಿ ತನ್ನ ಮನೆಯ ಹೊಸ್ತಿಲು ಬಿಟ್ಟು ಇಷ್ಟು ದೂರ ಬಂದದ್ದು ತಾನು ಆಡಿದ ಮಾತಿಗೆ.

ಕಾಲುದಾರಿ ಎರಡಾದಾಗ ಎಡಗಡೆಯದನ್ನು ಹಿಡಿದರು. ಅದು ಒಂದು ತೊರೆಯಲ್ಲಿ ಮುಗಿಯಿತು. ವಾಪಸು ಬಂದು ಬಲಗಡೆಯದನ್ನು ಹಿಡಿದರು. ಹೊಸ ಬೂಟು ಒದ್ದೆ ಎಲೆಗಳ ಮೇಲೆ ನಿಲ್ಲಲೊಲ್ಲದು. ದೇವದಾರುವಿನ ಬೇರು ಹಿಡಿದು ಮೊಣಕಾಲಿನ ಮೇಲೆ ಏರಿದರು. ಧೋತರ ಹರಿಯಿತು, ಕನ್ನಡಕ ಮಂಜಾಯಿತು, ಮಂಗನಟೊಪ್ಪಿಗೆ ಒಂದು ಮುಳ್ಳುಗಿಡಕ್ಕೆ ಸಂದಿತು. ಎಷ್ಟು ಹೊತ್ತು ಏರಿದರೋ, ಒಮ್ಮೆಲೇ ಮರಗಳು ಮುಗಿದವು. ಮುಂದೆ ಬರೀ ಹುಲ್ಲು. ಹುಲ್ಲಿನ ಮೇಲೆ ಜೋಳದ ಕಾಳು ಚೆಲ್ಲಿದಂತೆ ಆಲಿಕಲ್ಲು. ಅದರ ನಡುವೆ ಅಂಗುಲೆತ್ತರದ ಹಳದಿ ಹೂಗಳು, ಪೆಟ್ಟು ತಿಂದು, ಆದರೂ ನಿಂತಿದ್ದವು. ಅದರಾಚೆ ಹಿಮದ ಗುಡ್ಡ, ಬಹಳ ಹತ್ತಿರದಲ್ಲಿ, ಯಾರನ್ನೂ ಲೆಕ್ಕಿಸದೆ ಕೂತಿತ್ತು. ರಾಯರು ಒಂದು ಕಲ್ಲಿನ ಮೇಲೆ ಕುಸಿದರು. ಇನ್ನು ಏಳಲಾರೆ ಎಂದು ಅವರಿಗೆ ಗೊತ್ತಾಯಿತು. ಗಾಳಿ ಬೀಸುತ್ತಿತ್ತು. ಮೂವತ್ತೇಳು ಭಾಷಣಗಳಲ್ಲಿ ಗಾಳಿಯ ಸಪ್ಪಳ ಒಂದು ಸಲವೂ ಬಂದಿರಲಿಲ್ಲ. ಕುರಿಯ ವಾಸನೆಯೂ ಬಂದಿರಲಿಲ್ಲ.

ಆ ವಾಸನೆಯ ಹಿಂದೆಯೇ ಮುರಿಗೆವ್ವ ಬಂದಳು. ಸೀರೆ ಕಚ್ಚೆ ಹಾಕಿ, ತಲೆಯ ಮೇಲೆ ಕಂಬಳಿ ಹೊದ್ದು, ಹುರಿದ ಜವೆಗೋದಿ ಬಾಯಾಡಿಸುತ್ತ, ಫುಲ್ಮುವಿನ ಹಿಂದೆ ಇಳಿದು ಬರುತ್ತಿದ್ದಳು. ಕೈಯಲ್ಲಿ ಒಂದು ತಕಲಿ ತಿರುಗುತ್ತಿತ್ತು. ಆಲಿಕಲ್ಲು ಬಿದ್ದಾಗ ಕುರುಬರ ಕಲ್ಲುಗುಡಿಸಲಲ್ಲಿ ಕೂತಿದ್ದರು, ಅಷ್ಟೇ. ಅಲ್ಲಿ ಉಣ್ಣೆ ನೂಲುವವರು ಗಂಡಸರು, ಅದೂ ನಡೆಯುತ್ತ ನೂಲುತ್ತಾರೆ ಎಂದು ತಿಳಿದು, ತಾನೂ ಕಲಿತುಕೊಂಡು ಬರಲು ಸ್ವಲ್ಪ ತಡವಾಗಿತ್ತು. ಕಲ್ಲಿನ ಮೇಲೆ ಹರಿದ ಧೋತರದಲ್ಲಿ ನಡುಗುತ್ತಿದ್ದ ಮನುಷ್ಯನನ್ನು ಕಂಡು ಆಕೆ ತಕಲಿ ನಿಲ್ಲಿಸಿದಳು. ತನ್ನ ಕಂಬಳಿ ತೆಗೆದು ಅವರಿಗೆ ಹೊದಿಸಿ, ಕೈಯಲ್ಲಿ ಒಂದು ಹಿಡಿ ಜವೆಗೋದಿ ಹಾಕಿದಳು.

ರಾಯರು ತಿನ್ನಲಿಲ್ಲ. ತಾನು ಈ ಕಣಿವೆಗೆ ಎಂದೂ ಬಂದಿರಲಿಲ್ಲ, ಆ ಕುರುಬ ಇಲ್ಲ, ಜೇನಿಲ್ಲ, ಎಲ್ಲ ಪುಸ್ತಕದ್ದು, ಉಳಿದದ್ದು ಬಾಯಿಗೆ ಬಂದದ್ದು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಹಲ್ಲು ಕಟಕಟ ಅನ್ನುತ್ತಿದ್ದುದರಿಂದ ಕೆಲವು ಪಾಪಗಳನ್ನು ಎರಡೆರಡು ಸಲ ಒಪ್ಪಿಕೊಂಡಂತಾಯಿತು.

ಮುರಿಗೆವ್ವ ಕೇಳಿಸಿಕೊಂಡಳು. “ಹುಬ್ಬಳ್ಳಿ ಸ್ಟೇಶನ್ನಿನ್ಯಾಗ ಗೊತ್ತಾತ್ರಿ ಮಾಸ್ತರ,” ಎಂದಳು. “ಒಮ್ಮೆ ಹೋಗಿ ಬಂದವರ ಮೈಮ್ಯಾಲೆ ಒಂದರ ಹಳೇ ಅರಿವಿ ಇರ್ತದ.”

“ಮತ್ತ ಯಾಕ ಬಂದ್ರಿ?”

“ಸುಳ್ಳು ನಿಮ್ಮದು. ಕಣಿವಿ ನಿಮ್ಮದಲ್ಲಲ್ರಿ.”

ಅವರು ಅಳುತ್ತಿರುವುದನ್ನು ಕಂಡು ಫುಲ್ಮು ಏನೋ ಕೇಳಿದಳು. ಮುರಿಗೆವ್ವ ಹಲ್ಲುನೋವು ಎಂಬಂತೆ ದವಡೆ ತೋರಿಸಿದಳು. ಬಳಿಕ ಒಬ್ಬಳು ಎಡಗೈ, ಒಬ್ಬಳು ಬಲಗೈ ಹಿಡಿದು ಮಾರ್ಗದರ್ಶಕರನ್ನು ಕೆಳಗಿಳಿಸಿದರು. ಬಂಗಲೆಯ ಮುಂದೆ ಕಾಯುತ್ತಿದ್ದ ಬಸಣ್ಣ, ದೂರದಿಂದ ಮೂವರು ಕೈಕೈ ಹಿಡಿದು ಬರುವುದನ್ನು ನೋಡಿದ. ಅವನು ಕಂಡದ್ದನ್ನು ಅವನದೇ ರೀತಿಯಲ್ಲಿ ತಿಳಿದುಕೊಂಡ.

ಊರಿಗೆ ಮರಳಿದ ಮೇಲೆ ಜುಲೈಯಲ್ಲಿ ವರ್ತಕರ ಸಂಘ ಮೂವತ್ತೆಂಟನೆಯ ಭಾಷಣ ಏರ್ಪಡಿಸಿತು. ಸಭಾಗೃಹ ತುಂಬಿ, ಮಂದಿ ಕಿಟಕಿಯಲ್ಲಿ ನಿಂತಿದ್ದರು. ಪ್ರತಿ ಸಲ ಗೋಡೆಯ ಮೇಲೆ ತೋರಿಸುತ್ತಿದ್ದ, ಪುಸ್ತಕದ ಚಿತ್ರಗಳ ಸ್ಲೈಡುಗಳನ್ನು ರಾಯರು ಈ ಸಲ ತಂದಿರಲಿಲ್ಲ. ಎದ್ದು ನಿಂತು, ಒಂಬತ್ತು ವರ್ಷ ತಾನು ಕಾಣದ ಊರಿನ ಬಗ್ಗೆ ಕಂಡಂತೆ ಹೇಳಿ ನಿಮ್ಮನ್ನು ವಂಚಿಸಿದೆ, ಕ್ಷಮಿಸಿ ಎಂದರು. ಕಣಿವೆಯಲ್ಲಿ ಕೂಡ ತಾನು ನೆಗಡಿಯಾಗಿ ಮಲಗಿದ್ದೆ, ಗುಡ್ಡದಲ್ಲಿ ದಾರಿ ತಪ್ಪಿದೆ, ಇಬ್ಬರು ಹೆಂಗಸರು ಇಳಿಸಿಕೊಂಡು ಬಂದರು ಎಂದರು. ಮುಂದಿನ ಸಾಲಿನಲ್ಲಿ ಯಾರೋ, ಎಂಥ ವಿನಯ ನೋಡಿರಿ ಎಂದರು. ಚಪ್ಪಾಳೆ ಬಿತ್ತು.

ರಾಯರು ಕೈಯೆತ್ತಿ ಅದು ವಿನಯವಲ್ಲ, ನಿಜ ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ಆಗ ಅಧ್ಯಕ್ಷ ಬಸಣ್ಣ ತನ್ನ ಜೀವಮಾನದಲ್ಲಿ ಮೊದಲ ಸಲ ವಂದನಾರ್ಪಣೆಗೆ ಮುಂಚೆ ಎಚ್ಚರವಾಗಿ ಎದ್ದ. ಆಲಿಕಲ್ಲಿನ ಮಳೆಯಲ್ಲಿ, ಜ್ವರದ ಮೈಯಲ್ಲಿ ಈ ಮಹಾನುಭಾವರು ಹಿಮಪರ್ವತ ಏರಿ ತನ್ನ ಅಕ್ಕನನ್ನು ಕೈಹಿಡಿದು ತಂದದ್ದನ್ನು ತಾನು ಈ ಎರಡು ಕಣ್ಣುಗಳಿಂದ ನೋಡಿದ್ದೇನೆ, ದೊಡ್ಡವರು ತಮ್ಮ ದೊಡ್ಡಸ್ತಿಕೆಯನ್ನು ಹೀಗೆಯೇ ಮುಚ್ಚುತ್ತಾರೆ ಎಂದು ಹೇಳಿ ಕೂತ. ಶಾಲು ಬಂತು, ತೆಂಗಿನಕಾಯಿ ಬಂತು. ರಾಯರು ಹೆಣ್ಣುಮಕ್ಕಳ ಸಾಲಿನ ಕಡೆಗೆ ನೀವಾದರೂ ಹೇಳಿರಿ ಎಂಬಂತೆ ನೋಡಿದರು. ಮುರಿಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿತ್ತ ಅಲುಗುತ್ತಿದ್ದಳು. ಪಕ್ಕದವರು ಆಕೆ ಅಳುತ್ತಿದ್ದಾಳೆಂದು ತಿಳಿದು ನೀರು ತರಿಸಿದರು.

ಮುಂದಿನ ಆರು ತಿಂಗಳಲ್ಲಿ ರಾಯರಿಗೆ ಹನ್ನೊಂದು ಆಮಂತ್ರಣ ಬಂದವು. ಎಲ್ಲಕ್ಕೂ ಬರಲಾರೆ ಎಂದು ಬರೆದರು. ಮೊದಲು ಜನ ಅವರಿಗೆ ಆರೋಗ್ಯವಿಲ್ಲ ಎಂದರು, ಬಳಿಕ ಶಾಲು ಸಣ್ಣದಾಯಿತೇನೋ ಎಂದರು, ಕೊನೆಗೆ ಸೊಕ್ಕು ಎಂದರು. ಗದುಗಿನ ಒಬ್ಬ ತರುಣ ಅಧ್ಯಾಪಕ ಟಿಬೆಟ್ಟಿನ ಮೇಲೆ ಚೆನ್ನಾಗಿ ಮಾತಾಡುತ್ತಾನೆಂದು ಸುದ್ದಿ ಹಬ್ಬಿ, ಸಂಘಗಳು ಅವನನ್ನು ಕರೆಯತೊಡಗಿದವು.

ರಾಯರು ಪ್ರತಿ ರವಿವಾರ ಬೆಳಗಿನ ಗಾಡಿಗೆ ಹುಬ್ಬಳ್ಳಿಗೆ ಹೋಗತೊಡಗಿದರು. ದುರ್ಗದಬೈಲಿನ ಮನೆಯ ಪಡಸಾಲೆಯಲ್ಲಿ ಮುರಿಗೆವ್ವ ನೂಲುತ್ತ, ತಾನು ಕುಲುವಿನಲ್ಲಿ ಕಂಡದ್ದನ್ನು ಹೇಳುತ್ತಿದ್ದಳು. ರಾಯರು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕೆಲಸ ನಿಧಾನವಾಗಿ ಸಾಗಿತ್ತು. ರಾಯರು ಎಲ್ಲಿಯಾದರೂ ‘ಸ್ವರ್ಗಸದೃಶ’ ಎಂದು ಸೇರಿಸಿದರೆ ಓದಿಸಿ ಹೊಡೆದುಹಾಕಿಸುತ್ತಿದ್ದಳು. ಒಂದು ರವಿವಾರ ಆಕೆ, ಫುಲ್ಮುವಿನ ಸೊಸೆ ಅತ್ತೆಯ ಜೊತೆ ಮಾತು ಬಿಟ್ಟಿದ್ದಳು, ಅದನ್ನೂ ಬರೆಯಿರಿ ಎಂದಳು. ರಾಯರು ಲೇಖಣಿ ಎತ್ತಿ ಹಿಡಿದರು. ಅದು ಸಂಸ್ಕೃತಿಯಲ್ಲಿ ಬರುವುದಿಲ್ಲ ಎಂದು ಮೆಲ್ಲಗೆ ಸೂಚಿಸಿದರು. ಅದಲ್ಲದೆ ಅವರ ಭಾಷೆ ಒಂದಕ್ಷರ ಬಾರದ ಮುರಿಗೆವ್ವನಿಗೆ ಇದು ತಿಳಿದದ್ದಾದರೂ ಹೇಗೆ ಎಂದು ಕೇಳಿದರು.

“ಸೊಸಿ ಅತ್ತಿ ಮುಂದ ತಾಟು ಇಟ್ಟ ಸಪ್ಪಳ ಕೇಳಿದ್ನೆಲ್ರಿ,” ಎಂದಳು ಮುರಿಗೆವ್ವ. “ಅದಕ್ಕ ಭಾಷಾ ಬೇಕಾಗೂದಿಲ್ಲ. ನೀವು ಬರ್ಕೋರಿ. ಸಂಸ್ಕೃತಿಯೊಳಗ ಬರತದೋ ಇಲ್ಲೋ ಆಮ್ಯಾಲೆ ನೋಡೂಣು.”

ರಾಯರು ಬರೆದುಕೊಂಡರು. ಆಮೇಲೆ ಲೇಖಣಿ ಕೆಳಗಿಟ್ಟು, ಆ ತಾಟು ಹಿತ್ತಾಳೆಯದೋ ಕಂಚಿನದೋ ಎಂದು ಕೇಳಿದರು.